ಮೊಬೈಲಿನಲ್ಲಿ ಬಂದ ಸುದ್ದಿಯೂ ಒಂಬತ್ತನೆಯ ಆಜ್ಞೆಯೂ

ಓದತಕ್ಕ ಭಾಗಗಳು: ವಿಮೋಚನಕಾಂಡ 23: 1-2, 1 ಅರಸುಗಳು 21: 1-16, ಯೋಹಾನ 7: 45-52.

ಒಂಬತ್ತನೆಯ ಆಜ್ಞೆಯು ನ್ಯಾಯಸ್ಥಾನದಲ್ಲಿ ಸುಳ್ಳಾಡುವವನಿಗೆ ಮಾತ್ರ ಕೊಡಲ್ಪಟ್ಟದ್ದೆಂದು ನಮ್ಮಲ್ಲಿ ಅನೇಕರು ನೆನಸುವದುಂಟು. ಆದರೆ ವಿಮೋಚನಕಾಂಡದ 23ನೆಯ ಅಧ್ಯಾಯವು ಸುಳ್ಳನ್ನು ಹೊತ್ತುಕೊಂಡು ಹೋಗುವವನನ್ನೂ, ಗುಂಪಿನ ಹಿಂದೆ ಕೇಡಿಗೆ ಓಡುವವನನ್ನೂ ಅದೇ ಅಪರಾಧಕ್ಕೆ ಗುರಿಮಾಡುತ್ತದೆ. ಪೂರ್ವದಲ್ಲಿ ಸುದ್ದಿಯು ಸಂತೆಯಿಂದ ಕಾಲ್ನಡೆಯಾಗಿ ಬರುತ್ತಿತ್ತು. ಈಗ ವಾಟ್ಸಾಪಿನಲ್ಲಿ ಬೆರಳು ತಗಲಿದ ಕ್ಷಣವೇ ನೂರು ಮನೆಗಳನ್ನು ಸೇರುತ್ತದೆ.

2018ನೆಯ ಇಸವಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿಯು ನಮ್ಮ ದೇಶದ ಅನೇಕ ಸೀಮೆಗಳಲ್ಲಿ ಹಬ್ಬಿತು. ಮೋಟಾರ್ ಸೈಕಲಿನಲ್ಲಿ ಬಂದವರು ಬೀದಿಯಲ್ಲಿದ್ದ ಹುಡುಗನನ್ನು ಎತ್ತಿಕೊಂಡು ಹೋಗುವ ಒಂದು ವೀಡಿಯೋ ಕೈಯಿಂದ ಕೈಗೆ ದಾಟಿತು. ಅದಾದರೋ ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳನ್ನು ಜಾಗ್ರತೆಯಾಗಿ ಕಾಯಬೇಕೆಂದು ಬುದ್ಧಿಹೇಳುವದಕ್ಕೆ ಮಾಡಿದ್ದು. ಕಡೆಯಲ್ಲಿ ಹುಡುಗನನ್ನು ತಿರಿಗಿ ತಂದು ಬಿಡುವರು. ಆ ಕಡೆಯ ಭಾಗವನ್ನು ಯಾರೋ ಕತ್ತರಿಸಿಬಿಟ್ಟಿದ್ದರು.

ಅದೇ ವರುಷದ ಜುಲೈ 13ರಂದು ಹೈದರಾಬಾದಿನಿಂದ ನಮ್ಮ ಬೀದರ ಜಿಲ್ಲೆಗೆ ಬಂದ ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಜನರು ಸಂಶಯಪಟ್ಟರು, ಅವರು ಭಯದಿಂದ ಕಾರನ್ನು ಓಡಿಸಿದರು, ಅವರಿಗಿಂತ ಮುಂಚೆ ಸುದ್ದಿಯು ಮುರ್ಕಿ ಗ್ರಾಮವನ್ನು ಮುಟ್ಟಿತು. ಅಲ್ಲಿ ದಾರಿಕಟ್ಟಿದ ಗುಂಪು ಅವರನ್ನು ಹೊಡೆಯಿತು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಒಬ್ಬ ಯುವಕನು ಸತ್ತನು. ಮಕ್ಕಳಿಗೆ ಸಿಹಿ ಕೊಟ್ಟದ್ದೇ ಅವನ ದೋಷ.

ನಾಬೋತನ ಕಥೆಯನ್ನು ಇದರೊಂದಿಗೆ ಓದೋಣ. ಈಜೆಬೆಲಳು ಅರಮನೆಯಲ್ಲಿ ಕೂತು ಪತ್ರ ಬರೆದು ಅರಸನ ಮುದ್ರೆ ಹಾಕಿದಳು. ಇಜ್ರೇಲಿನ ಹಿರಿಯರು ನಿಜವೋ ಎಂದು ವಿಚಾರಿಸದೆ ಅದರಂತೆ ನಡೆದರು. ಬರೆದವಳ ಕೈ ಕಲ್ಲನ್ನು ಮುಟ್ಟಲಿಲ್ಲ; ನಾಬೋತನ ಮೇಲೆ ಕಲ್ಲು ಬಿದ್ದದ್ದು ಸ್ವಂತ ಊರಿನವರ ಕೈಯಿಂದ.

ಆದ್ದರಿಂದ ಮೂರು ಸಂಗತಿಗಳನ್ನು ನೆನಪಿನಲ್ಲಿಡತಕ್ಕದ್ದು.

ಒಂದನೆಯದು: ಒಂದೇ ಪತ್ರದ ನೂರು ಪ್ರತಿಗಳು ನೂರು ಸಾಕ್ಷಿಗಳಲ್ಲ. ಸುದ್ದಿಯ ಮೇಲಿನ ಎರಡು ಬಾಣಗಳ ಗುರುತು, ಅದು ಬಹಳ ಕೈಗಳನ್ನು ದಾಟಿತೆಂದು ಹೇಳುತ್ತದೆಯೇ ಹೊರತು ನಿಜವೆಂದು ಹೇಳುವದಿಲ್ಲ. ಕಂಡವರು ಯಾರು, ಎಲ್ಲಿ, ಎಂದು? ಉತ್ತರವಿಲ್ಲದಿದ್ದರೆ ಅದು ನಮ್ಮಲ್ಲಿಯೇ ನಿಲ್ಲಲಿ. 2018ರ ಜುಲೈಯಲ್ಲಿ ಆ ಕಂಪೆನಿಯು ನಮ್ಮ ದೇಶದಲ್ಲಿ ಒಂದು ಸುದ್ದಿಯನ್ನು ಒಂದು ಸಾರಿಗೆ 5 ಕಡೆಗಳಿಗಿಂತ ಹೆಚ್ಚಿಗೆ ಮುಂದೆ ಕಳುಹಿಸದಂತೆ ತಡೆಮಾಡಿತು. ಕಂಪೆನಿಯ ತಡೆ ಐದಕ್ಕೆ; ದೇವರ ಆಜ್ಞೆಯ ತಡೆ ಮೊದಲನೆಯದಕ್ಕೇ.

ಎರಡನೆಯದು: ಮಕ್ಕಳ ಕ್ಷೇಮಕ್ಕಾಗಿ ಕಳುಹಿಸಿದೆವೆಂದು ಕೆಲವರು ಹೇಳುವರು. ಪ್ರೀತಿಯು ಒಳ್ಳೇದೇ, ಆದರೆ ಅದು ಸಹಾಯಮಾಡಬಲ್ಲವರ ಬಳಿಗೆ ಹೋಗಲಿ. ನಿಜವಾಗಿ ಭಯವಿದ್ದರೆ 112ಕ್ಕೂ ಮಕ್ಕಳ ಸಹಾಯವಾಣಿಯಾದ 1098ಕ್ಕೂ ತಿಳಿಸಬಹುದು. ವಿಚಾರಿಸುವದಕ್ಕಿಂತ ಮುಂಚೆ ಒಬ್ಬನನ್ನು ಅಪರಾಧಿಯೆಂದು ತೀರಿಸುವದು ನ್ಯಾಯವೋ ಎಂದು ನಿಕೊದೇಮನು ಫರಿಸಾಯರೊಳಗೆ ಒಬ್ಬನೇ ಕೇಳಿದನು. ಅದಕ್ಕಾಗಿ ನಿಂದೆಯನ್ನೂ ತಿಂದನು. ಊರಿನ ಗುಂಪಿನಲ್ಲಿ ಹಾಗೆ ಕೇಳುವವನು ಸಭೆಯವನಾಗಿರಲಿ.

ಮೂರನೆಯದು: ನಾವು ಸುಳ್ಳನ್ನು ಕಳುಹಿಸಿದೆವೆಂದು ತಿಳಿದರೆ ಅಳಿಸಿಬಿಟ್ಟರೆ ಸಾಲದು. ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರಿಗಿ ಕೊಡುವೆನೆಂದನು. ಎಲ್ಲಿ ಕಳುಹಿಸಿದೆವೋ ಅಲ್ಲಿಯೇ ಅದು ಸುಳ್ಳೆಂದು ಬರೆಯುವದು ನಮ್ಮ ಋಣ.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ನಾಬೋತನ ರಕ್ತಕ್ಕೆ ಇಜ್ರೇಲಿನ ಹಿರಿಯರು ಎಷ್ಟರ ಮಟ್ಟಿಗೆ ಹೊಣೆ?
2. ಈ ವಾರದಲ್ಲಿ ನಾವು ಮುಂದೆ ಕಳುಹಿಸಿದ ಸುದ್ದಿಗಳಲ್ಲಿ ಕಂಡು ತಿಳಿದವು ಎಷ್ಟು?
3. ಅನ್ಯ ಊರಿನವನು ನಮ್ಮ ಬೀದಿಗೆ ಬಂದರೆ ಮೊದಲು ಏನು ಕೇಳುವೆವು?