ಶುಗರ್ ಇದ್ದವರ ಹೊಟ್ಟೆ

ಅಷ್ಟೂರ ಬೀದರ ನಗರದ ಮಗ್ಗುಲಲ್ಲೇ ಇರುವ ಊರು. ಅಲ್ಲಿ ಬಹಮನಿ ಸುಲ್ತಾನರ ಗುಂಬಜಗಳಿವೆ. ಅಹ್ಮದ ಶಾ ವಲಿಯ ಜಾತ್ರೆಗೆ ಹಿಂದೂಗಳು, ಮುಸಲ್ಮಾನರು ಕೂಡಿ ಬರುತ್ತಾರೆ. ಜಾತ್ರೆಗೆ ಬಂದ ಹೆಣ್ಣುಮಕ್ಕಳು ಕೂತು ಕಷ್ಟಸುಖ ಮಾತಾಡುತ್ತಾರೆ. ಆ ಮಾತಿನಲ್ಲಿ ಈಗ ಶುಗರ್ ಬೇನೆಯೂ ಸೇರಿದೆ. ಶುಗರ್ ಪಟ್ಟಣದವರಿಗಷ್ಟೇ ಬರುವ ಬೇನೆಯಲ್ಲ. ಅಷ್ಟೂರ, ಭಾಲ್ಕಿ, ಔರಾದ ಎಲ್ಲ ಕಡೆಯೂ ಇದೆ.

“ಹೊಟ್ಟಿ ಉಬ್ಬತದ್ರಿ.”
“ಎರಡು ತುತ್ತಿಗೇ ಹೊಟ್ಟಿ ತುಂಬತದ.”
“ಉಂಡದ್ದು ಅರಗಂಗಿಲ್ಲ.”

ಶುಗರ್ ಇದ್ದವರು ಹೀಗೆ ಹೇಳುವುದನ್ನು ನಾವು ಕೇಳಿದ್ದೇವೆ. ಬರೀ ಗ್ಯಾಸ್ ಎಂದು ಬಹಳ ಮಂದಿ ಅಜವಾನ ತಿಂದು ಸುಮ್ಮನಾಗುತ್ತಾರೆ. ಶುಗರ್ ಇದ್ದವರು ಹಾಗೆ ಸುಮ್ಮನಿರಬಾರದು. ಯಾಕೆ? ತಿಳಿಯೋಣ.

ಹೊಟ್ಟೆ ಯಾಕೆ ನಿಧಾನವಾಗುತ್ತದೆ?

ಉಂಡ ಅನ್ನ ಮೊದಲು ಜಠರಕ್ಕೆ ಹೋಗುತ್ತದೆ. ಜಠರ ಎಂದರೆ ಹೊಟ್ಟೆಯೊಳಗಿನ ಚೀಲ. ಅದು ಅನ್ನವನ್ನು ಕಲಸುತ್ತದೆ. ಆಮೇಲೆ ಕರುಳಿಗೆ ದೂಡುತ್ತದೆ. ದೂಡು ಎಂದು ಅಪ್ಪಣೆ ಕೊಡುವುದು ನರಗಳು.

ರಕ್ತದಲ್ಲಿ ಸಕ್ಕರೆ ಬಹಳ ವರ್ಷ ಹೆಚ್ಚಿದ್ದರೆ ನರಗಳು ಕೆಡುತ್ತವೆ. ಶುಗರ್ ಇದ್ದವರ ಪಾದ ಜುಮ್ಮೆನ್ನುವುದು ಹೀಗೇ. ಹೊಟ್ಟೆಯ ನರ ಕೆಟ್ಟರೆ ಜಠರದ ಕೆಲಸ ನಿಧಾನವಾಗುತ್ತದೆ. ಉಂಡದ್ದು ತಾಸುಗಟ್ಟಲೆ ಅಲ್ಲೇ ಉಳಿಯುತ್ತದೆ. ಹೊಟ್ಟೆ ಉಬ್ಬುತ್ತದೆ. ವಾಂತಿ ಬರುತ್ತದೆ. ಕರುಳಿನ ನರ ಕೆಟ್ಟರೆ ಕೆಲವರಿಗೆ ಮಲ ಕಟ್ಟುತ್ತದೆ. ಕೆಲವರಿಗೆ ರಾತ್ರಿ ಹೊತ್ತು ಭೇದಿಯಾಗುತ್ತದೆ.

ಇದರಲ್ಲಿ ಇನ್ನೊಂದು ಅಪಾಯವಿದೆ. ಇನ್ಸುಲಿನ್ ಸೂಜಿ ತೊಗೊಂಡು ಉಂಡಿರುತ್ತೇವೆ. ಔಷಧ ತನ್ನ ಕೆಲಸ ಶುರು ಮಾಡುತ್ತದೆ. ಆದರೆ ಅನ್ನ ಇನ್ನೂ ಜಠರದಲ್ಲೇ ಇರುತ್ತದೆ. ಆಗ ಸಕ್ಕರೆ ಒಮ್ಮೆಲೇ ಇಳಿಯಬಹುದು. ಕೆಲವು ಗುಳಿಗೆಗಳಿಂದಲೂ ಹೀಗಾಗುತ್ತದೆ. ಕೈ ನಡುಗುತ್ತದೆ, ಬೆವರು ಬರುತ್ತದೆ, ಕಣ್ಣು ಮಂಜಾಗುತ್ತದೆ. ಎಚ್ಚರ ಇದ್ದರೆ ಕೂಡಲೇ 3 ಚಹಾ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಬೇಕು. 15 ನಿಮಿಷದಲ್ಲಿ ಕಡಿಮೆಯಾಗದಿದ್ದರೆ ಮತ್ತೊಮ್ಮೆ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು. 108ಕ್ಕೆ ಫೋನ್ ಮಾಡಬೇಕು.

ಗುಳಿಗೆಯಿಂದಲೂ ಆಗಬಹುದು

ಶುಗರ್ ಇದ್ದ ಬಹಳ ಮಂದಿಗೆ ಮೆಟ್‌ಫಾರ್ಮಿನ್ ಗುಳಿಗೆ ಕೊಡುತ್ತಾರೆ. ಒಳ್ಳೆಯ ಗುಳಿಗೆ ಅದು. ಆದರೆ ಶುರುವಿನಲ್ಲಿ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ. ಊಟದ ಜೊತೆ ನುಂಗಿದರೆ ತೊಂದರೆ ಕಡಿಮೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಹೋಗದಿದ್ದರೆ ಡಾಕ್ಟರರಿಗೆ ಹೇಳಬೇಕು. ಅವರು ಗುಳಿಗೆ ಬದಲಿಸುತ್ತಾರೆ. ನಾವಾಗಿಯೇ ಗುಳಿಗೆ ಬಿಟ್ಟರೆ ಸಕ್ಕರೆ ಏರುತ್ತದೆ, ನರ ಮತ್ತಷ್ಟು ಕೆಡುತ್ತದೆ.

ಊಟ ಹ್ಯಾಂಗಿರಬೇಕು?

ನಮ್ಮ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಹೆಣ್ಣುಮಕ್ಕಳು ಉಣ್ಣುತ್ತಾರೆ. ಮುಂಜಾನೆ ಗುಳಿಗೆ ನುಂಗಿ, ಹೊಲದಲ್ಲಿ ಕಳೆ ತೆಗೆದು, ಮಧ್ಯಾಹ್ನ ಉಣ್ಣುವವರೂ ಇದ್ದಾರೆ. ಶುಗರ್ ಇದ್ದವರಿಗೆ ಇದು ಸಲ್ಲದು. ಹೊತ್ತಿಗೆ ಸರಿಯಾಗಿ ಉಣ್ಣುವುದೂ ಔಷಧವೇ. ಅತ್ತೆಗೆ ಶುಗರ್ ಇದ್ದರೆ ಅತ್ತೆಗೆ ಮೊದಲು ಬಡಿಸೋಣ. ಸೊಸೆಗೆ ಇದ್ದರೆ ಸೊಸೆಗೆ ಮೊದಲು ಬಡಿಸೋಣ.

ಜಠರ ನಿಧಾನವಾದವರು ಒಮ್ಮೆಲೇ ಹೊಟ್ಟೆ ತುಂಬ ಉಣ್ಣಬಾರದು. ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ ಉಣ್ಣಬೇಕು. ನುಚ್ಚು, ಕಿಚಡಿ, ಬ್ಯಾಳಿ ಮೆತ್ತಗೆ ಬೇಯಿಸಿ ಉಣ್ಣಬೇಕು. ಕರಿದದ್ದು, ಹಸಿ ತರಕಾರಿ ಬೇಗ ಅರಗುವುದಿಲ್ಲ. ಬರೀ ಮಲ ಕಟ್ಟುವವರಿಗೆ ಬೇರೆ ಊಟ. ಅವರಿಗೆ ಜೋಳದ ರೊಟ್ಟಿ, ತಪ್ಪಲ ಪಲ್ಯ, ಸಾಕಷ್ಟು ನೀರು ಒಳ್ಳೆಯದು. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಹಿತವಾಗಲಿಕ್ಕಿಲ್ಲ. ಅದಕ್ಕೇ ಡಾಕ್ಟರರನ್ನು ಕೇಳಿಯೇ ಊಟ ಬದಲಿಸಬೇಕು. ಉಂಡ ಕೂಡಲೇ ಮಲಗಬಾರದು. ನಾಲ್ಕು ಹೆಜ್ಜೆ ನಡೆಯಬೇಕು.

ತಡ ಮಾಡಬಾರದ ಗುರುತುಗಳು

1. ವಾಂತಿ ನಿಲ್ಲುವುದಿಲ್ಲ, ಕುಡಿದ ನೀರೂ ಉಳಿಯುವುದಿಲ್ಲ.
2. ವಾಂತಿಯ ಜೊತೆ ಹೊಟ್ಟೆನೋವು, ಜೋರು ಉಸಿರು ಇದೆ.
3. ಮಲದಲ್ಲಿ ರಕ್ತ ಬರುತ್ತದೆ, ಅಥವಾ ಮಲ ಡಾಂಬರಿನಂತೆ ಕಪ್ಪಾಗಿದೆ.
4. ಎದೆ ಉರಿ ಅಥವಾ ಮೇಲ್ಹೊಟ್ಟೆ ನೋವಿನ ಜೊತೆ ಬೆವರು, ಉಬ್ಬಸ ಇದೆ.

ನಾಲ್ಕನೆಯದು ಹೃದಯಾಘಾತ ಇರಬಹುದು. ಶುಗರ್ ಇದ್ದ ಹೆಣ್ಣುಮಕ್ಕಳಲ್ಲಿ ಎದೆನೋವು ಜೋರಾಗಿ ಕಾಣಿಸದೆಯೂ ಹೃದಯಾಘಾತ ಆಗುತ್ತದೆ. ಗ್ಯಾಸ್ ಎಂದು ಕಾಯದೆ 108ಕ್ಕೆ ಫೋನ್ ಮಾಡಿರಿ.

ಅಕ್ಷರ ಇಲ್ಲಿ ಬಳಸೋಣ

ಹೊಟ್ಟೆಯ ಮಾತು ಹೇಳಲು ನಾವು ನಾಚುತ್ತೇವೆ. ಭೇದಿ, ಮಲ ಎಂದು ಗಂಡಸರ ಮುಂದೆ ಹ್ಯಾಂಗ ಹೇಳೋದು ಅನಿಸುತ್ತದೆ. ಈಗ ನಮಗೆ ಬರೆಯಲು ಬರುತ್ತದೆ. ಹಾಗಾದರೆ ಒಂದು ಹಾಳೆಯಲ್ಲಿ ಬರೆಯೋಣ. ತಾರೀಖು, ಉಂಡ ಹೊತ್ತು, ಉಂಡದ್ದೇನು, ನುಂಗಿದ ಗುಳಿಗೆ, ಆದ ತೊಂದರೆ. ಒಂದು ವಾರ ಬರೆದು ಆ ಹಾಳೆ ಡಾಕ್ಟರರ ಕೈಗೆ ಕೊಟ್ಟರೆ ಸಾಕು. ಬಾಯಿ ಹೇಳದ್ದನ್ನು ಹಾಳೆ ಹೇಳುತ್ತದೆ.

30 ವರ್ಷ ದಾಟಿದವರಿಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಶುಗರ್, ಬಿ.ಪಿ. ಪರೀಕ್ಷೆ ಮಾಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಹೆಚ್ಚಿನ ಚಿಕಿತ್ಸೆಗೆ ಬೀದರಿನಲ್ಲಿ ಬ್ರಿಮ್ಸ್ ಆಸ್ಪತ್ರೆ ಇದೆ.

ಓದಿ ಉತ್ತರ ಹೇಳಿರಿ

1. ಜಠರಕ್ಕೆ ಅಪ್ಪಣೆ ಕೊಡುವುದು ಯಾವುದು?
2. ಮೆಟ್‌ಫಾರ್ಮಿನ್ ಗುಳಿಗೆ ಯಾವಾಗ ನುಂಗಬೇಕು?
3. ನಿಮ್ಮ ಮನೆಯಲ್ಲಿ ಶುಗರ್ ಇದ್ದವರು ಇವತ್ತು ಎಷ್ಟು ಗಂಟೆಗೆ ಉಂಡರು? ಕೇಳಿ ಬರೆಯಿರಿ.