ವಿಮಾನವು ನೆಲಕ್ಕಿಳಿಯುವ ಬಗೆ

ಮುಂಬಯಿಯ ಸಾಂತಾಕ್ರೂಜ್ ಪರಿಸರದ ವಿದ್ಯಾರ್ಥಿಗಳಿಗೆ, ತಲೆಯ ಮೇಲೆ ಇಳಿದುಹೋಗುವ ವಿಮಾನವು ದಿನನಿತ್ಯದ ನೋಟ. ಲೀಲಾಜಾಲವಾಗಿ ಇಳಿಯುವಂತೆ ತೋರುವ ಆ ಯಂತ್ರವು, ತನ್ನಲ್ಲಿರುವ ಅಪಾರ ಶಕ್ತಿಯನ್ನು ಲೆಕ್ಕವಿಟ್ಟು ವ್ಯಯಿಸುತ್ತಿರುತ್ತದೆ.

ಹಾರುವ ವಿಮಾನದಲ್ಲಿ ಎತ್ತರದಿಂದ ಲಭಿಸಿದ ಪ್ರಚ್ಛನ್ನಶಕ್ತಿಯೂ ವೇಗದಿಂದ ಲಭಿಸಿದ ಚಲನಶಕ್ತಿಯೂ ಇರುತ್ತವೆ. ಇವು ಒಂದು ಇನ್ನೊಂದಾಗಿ ಮಾರ್ಪಡಬಲ್ಲವು. ಜಾರುಬಂಡೆಯಿಂದ ಜಾರುವ ಬಾಲಕನು ಎತ್ತರವನ್ನು ಕಳೆದುಕೊಂಡು ವೇಗವನ್ನು ಗಳಿಸುವುದಿಲ್ಲವೆ? ಹಾಗೆಯೇ, ವಿಮಾನದ ಮೂತಿಯನ್ನು ತಗ್ಗಿಸಿದರೆ ಎತ್ತರವು ಕುಗ್ಗಿ ವೇಗವು ಹೆಚ್ಚುತ್ತದೆ. ಶಕ್ತಿಯು ರೂಪ ಬದಲಿಸಿತೇ ಹೊರತು ತೀರಲಿಲ್ಲ. ಅದನ್ನು ತೀರಿಸಲು ಗಾಳಿಯ ತಡೆ ಬೇಕು. ಆದುದರಿಂದ ವೈಮಾನಿಕನು ಇಂಜಿನುಗಳ ನೂಕುಬಲವನ್ನು ಇಳಿಸಿ, ಗಾಲಿಗಳನ್ನು ಹೊರಚಾಚಿ, ರೆಕ್ಕೆಯ ಹಿಂಬದಿಯ ಫ್ಲ್ಯಾಪುಗಳನ್ನು ಬಿಚ್ಚಿ, ಸುಮಾರು ೩ ಡಿಗ್ರಿ ಇಳಿಜಾರಿನ ಹಾದಿಯಲ್ಲಿ ಬರುತ್ತಾನೆ. ಹಾಗೆಂದು ವೇಗವು ಮಿತಿಮೀರಿ ಕುಗ್ಗಲೂಬಾರದು. ಕುಗ್ಗಿದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾರವು.

ಈ ಲೆಕ್ಕವು ತಪ್ಪಿದರೆ ಏನಾಗುವುದೆಂಬುದಕ್ಕೆ ನಮ್ಮ ಕರಾವಳಿಯಲ್ಲೇ ದುಃಖದ ನಿದರ್ಶನವುಂಟು. ೨೦೧೦ನೆಯ ಇಸವಿ ಮೇ ೨೨ರಂದು ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು, ಗುಡ್ಡದ ನೆತ್ತಿಯಲ್ಲಿರುವ ಓಡುಹಾದಿಯ ಅಂಚನ್ನು ೫೦ ಅಡಿ ಎತ್ತರದಲ್ಲಿ, ೧೪೪ ನಾಟ್ ವೇಗದಲ್ಲಿ ದಾಟಬೇಕಾಗಿತ್ತು. ಒಂದು ನಾಟ್ ಎಂದರೆ ತಾಸಿಗೆ ೧.೮೫೨ ಕಿಲೋಮೀಟರು. ಆದರೆ ಅದು ದಾಟಿದ್ದು ಸುಮಾರು ೨೦೦ ಅಡಿ ಎತ್ತರದಲ್ಲಿ, ೧೬೦ ನಾಟಿಗೂ ಮೀರಿದ ವೇಗದಲ್ಲಿ. ೧೪೪ಕ್ಕೂ ೧೬೦ಕ್ಕೂ ಇರುವ ಪ್ರಮಾಣವು ೯ಕ್ಕೆ ೧೦. ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಶಕ್ತಿಯ ಪ್ರಮಾಣವು ೮೧ಕ್ಕೆ ೧೦೦. ಎಂದರೆ ಶೇಕಡಾ ೨೩ರಷ್ಟು ಹೆಚ್ಚು! ಎತ್ತರದ ಹೆಚ್ಚಳವು ಬೇರೆ. ಸುಮಾರು ೮,೦೦೦ ಅಡಿ ಉದ್ದದ ಹಾದಿಯಲ್ಲಿ ೫,೨೦೦ ಅಡಿ ಹಿಂದಾದ ಮೇಲೆ ವಿಮಾನವು ನೆಲ ಮುಟ್ಟಿತು. ಆಮೇಲೆ ಮತ್ತೆ ಮೇಲೇರಲು ಮಾಡಿದ ಯತ್ನವು ಹೊತ್ತುಮೀರಿದುದಾಗಿತ್ತು. ವಿಮಾನವು ಕಮರಿಗೆ ಬಿದ್ದು, ೧೬೬ ಮಂದಿಯಲ್ಲಿ ೧೫೮ ಮಂದಿ ಮೃತರಾದರು. ಇಳಿಯುವುದನ್ನು ಬಿಟ್ಟು ಮೇಲೇರಬೇಕೆಂದು ಸಹವೈಮಾನಿಕನು ಅದಕ್ಕೆ ಮೊದಲೇ ಮೂರು ಸಲ ಹೇಳಿದ್ದನೆಂದು ತನಿಖೆಯಿಂದ ತಿಳಿದುಬಂದಿತು.

ನೆಲದಿಂದ ಸುಮಾರು ೧,೦೦೦ ಅಡಿಗೆ ಬರುವಷ್ಟರಲ್ಲಿ ಎತ್ತರ, ವೇಗ, ದಿಕ್ಕುಗಳು ಸರಿಹೊಂದಿರಬೇಕು. ಹೊಂದದಿದ್ದರೆ ಮೇಲೇರಿ, ಸುತ್ತಿಬಂದು, ಪುನಃ ಇಳಿಯಬೇಕು. ಇದು ವಿಮಾನಯಾನದ ಶಿಸ್ತು. ನೀವು ಊರಿಗೆ ಹೋಗುವ ವಿಮಾನವು ಎಂದಾದರೂ ಹಾಗೆ ಥಟ್ಟನೆ ಮೇಲೇರಿದರೆ ಅಂಜದಿರಿ. ನಿಮ್ಮ ವೈಮಾನಿಕನು ಲೆಕ್ಕವನ್ನು ತಿದ್ದಿಕೊಳ್ಳುತ್ತಿರುವನೆಂದು ತಿಳಿಯಿರಿ.