ಒಂದೇ ಗದ್ದೆ, ಎರಡು ಕೂಲಿ

ಸುಗ್ಗಿ ಕಾಲ. ಭತ್ತದ ಕೊಯ್ಲು. ಗಂಡಾಳು ಕುಡುಗೋಲು ಹಿಡಿದ. ಹೆಣ್ಣಾಳೂ ಕುಡುಗೋಲು ಹಿಡಿದಳು. ಇಬ್ಬರೂ ಬೆಳಿಗ್ಗೆ ಗದ್ದೆಗೆ ಇಳಿದರು. ಇಬ್ಬರೂ ಸಂಜೆ ಮೇಲೆ ಬಂದರು. ಅವನಿಗೆ 500 ರೂಪಾಯಿ ಕೊಟ್ಟರು. ಅವಳಿಗೆ 300 ರೂಪಾಯಿ. ಇದು ಲೆಕ್ಕಕ್ಕೆ ಇಟ್ಟುಕೊಂಡ ಕೂಲಿ. ನಿಮ್ಮ ಊರಲ್ಲಿ ಬೇರೆ ಇರಬಹುದು.

"ಯಾಕೆ ಸ್ವಾಮಿ ಹಿಂಗೆ?"

"ಹೆಂಗಸರ ಕೆಲಸ ಹಗುರ ಕಣಮ್ಮ. ಮೊದಲಿಂದ್ಲೂ ಹಿಂಗೇ."

ಹಗುರ ಅನ್ನೋರು ಒಂದು ದಿನ ಕೆಸರಲ್ಲಿ ಬಗ್ಗಿ ನಾಟಿ ಹಾಕಿ ನೋಡಲಿ!

ಅಕ್ಕಂದಿರೇ, ಈಗ ಲೆಕ್ಕ ಮಾಡೋಣ. ದಿನಕ್ಕೆ 200 ರೂಪಾಯಿ ಕಮ್ಮಿ. ವರ್ಷದಲ್ಲಿ 100 ದಿನ ಕೂಲಿ ಸಿಕ್ಕಿತು ಅನ್ನಿ. 20,000 ರೂಪಾಯಿ ಹೋಯಿತು. ಹತ್ತು ವರ್ಷಕ್ಕೆ 2 ಲಕ್ಷ. ಈ ಹಣ ಬಂದಿದ್ದರೆ ಸಂಘದಲ್ಲಿ ಉಳಿತಾಯ ಕಟ್ಟಬಹುದಿತ್ತು. ಕುರಿ ಕೊಳ್ಳಬಹುದಿತ್ತು.

ಬರಲಿಲ್ಲ. ಮಗುವಿಗೆ ಕಾಯಿಲೆ ಆಯಿತು. ಕೈಯಲ್ಲಿ ಕಾಸಿಲ್ಲ. 10,000 ರೂಪಾಯಿ ಕೈಸಾಲ ತಂದಳು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ತಿಂಗಳಿಗೆ ಬಡ್ಡಿಯೇ 300 ರೂಪಾಯಿ. ಅಂದರೆ ಅವಳ ಒಂದು ದಿನದ ಪೂರ್ತಿ ಕೂಲಿ. ಅಷ್ಟೇ ಬಡ್ಡಿ ಕಟ್ಟಿದ ಗಂಡಾಳಿಗೆ ಆ ದಿನ 200 ರೂಪಾಯಿ ಉಳಿಯುತ್ತದೆ. ಅವಳಿಗೆ ಏನೂ ಉಳಿಯುವುದಿಲ್ಲ. ಅಸಲು ಹಾಗೇ ನಿಲ್ಲುತ್ತದೆ. ಸೊಂಟ ಬಗ್ಗದ ವಯಸ್ಸಿಗೆ ಕೈಯಲ್ಲಿ ಗಂಟೂ ಇರುವುದಿಲ್ಲ.

ಕಾನೂನು ಏನು ಹೇಳುತ್ತದೆ? 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಈಗ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಮಾತು ಅದೇ. ಒಂದೇ ಬಗೆಯ ಕೆಲಸಕ್ಕೆ, ಹೆಣ್ಣು ಎಂದು ಕೂಲಿ ಕಡಿಮೆ ಕೊಡುವಂತಿಲ್ಲ. ಗಂಡಸಿನ ಕೂಲಿ ಇಳಿಸಿ ಸಮ ಮಾಡುವಂತೆಯೂ ಇಲ್ಲ.

ಆದರೆ ಕೆಲವರು ಉಪಾಯ ಮಾಡುತ್ತಾರೆ. ಕಟ್ಟಡದ ಕೆಲಸದಲ್ಲಿ ಇಬ್ಬರೂ ಗಾರೆ ಬಾಣಲಿ ಹೊರುತ್ತಾರೆ. ಪುಸ್ತಕದಲ್ಲಿ ಅವನು 'ಆಳು', ಇವಳು 'ಸಹಾಯಕಿ'. ಹೆಸರು ಬೇರೆ, ಅದಕ್ಕೇ ಕೂಲಿ ಬೇರೆ ಅಂತಾರೆ. ಕಾನೂನು ನೋಡುವುದು ಕೆಲಸಕ್ಕೆ ಬೇಕಾದ ಶ್ರಮ, ಕೌಶಲ, ಅನುಭವ, ಹೊಣೆ.

ಈಗ ನಿಮಗೆ ಓದಲು ಬರುತ್ತದೆ. ಬಟವಾಡೆ ದಿನ ಸಹಿ ಹಾಕುವ ಮುಂಚೆ ಪುಸ್ತಕ ನೋಡಿ. ಎಷ್ಟು ದಿನ, ದಿನಕ್ಕೆ ಎಷ್ಟು, ಓದಿ. ಕಮ್ಮಿ ಇದ್ದರೆ ನಾಲ್ಕಾರು ಜನ ಸೇರಿ ಕೇಳಿ. ಒಬ್ಬಳೇ ಕೇಳಿದರೆ "ನಾಳೆ ಬರಬೇಡ" ಅಂದಾರು. ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಕೊಡಬಹುದು. ತಾಲ್ಲೂಕಿನ ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ.

ನಿಮ್ಮ ಊರಿನ ಲೆಕ್ಕ ಬರೆಯಿರಿ:

ಗಂಡಾಳಿನ ದಿನಗೂಲಿ ........ ರೂಪಾಯಿ
ಹೆಣ್ಣಾಳಿನ ದಿನಗೂಲಿ ........ ರೂಪಾಯಿ
ಒಂದು ದಿನಕ್ಕೆ ಕಮ್ಮಿ ........ ರೂಪಾಯಿ
100 ದಿನಕ್ಕೆ ಕಮ್ಮಿ ........ ರೂಪಾಯಿ